25 ಗಜದ ಝೀರೋ: ಶುರು ಮಾಡೋಕೆ ಸರಿ, ಮುಗಿಸೋಕೆ ಅಲ್ಲ

ನಮಸ್ಕಾರ. ನವೆಂಬರ್ ಹತ್ರ ಬಂತು ಅಂದ್ರೆ ಅಮೆರಿಕದ ಶೂಟಿಂಗ್ ರೇಂಜ್‌ಗಳಲ್ಲಿ ಒಂದೇ ಮಾತು: "25 ಗಜಕ್ಕೆ ಝೀರೋ ಮಾಡ್ಬಿಡು, 200 ಗಜಕ್ಕೂ ಅದೇ ಸರಿಹೋಗುತ್ತೆ." ಝೀರೋ ಅಂದ್ರೆ ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳೋ ಹಾಗೆ ಕೋವಿಯ ಸ್ಕೋಪನ್ನ (ಗುರಿಯಿಡೋ ದೂರದರ್ಶಕ) ಹೊಂದಿಸೋದು. ಮಿಶಿಗನ್‌ನಲ್ಲಿ ಕೋವಿಯ ಜಿಂಕೆ ಸೀಸನ್ ನವೆಂಬರ್ 15ಕ್ಕೆ ಶುರು, ವಿಸ್ಕಾನ್ಸಿನ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ. ಅದಕ್ಕೆ ಎರಡು ದಿನ ಇರುವಾಗ ಒಳಾಂಗಣ ರೇಂಜಿಗೆ ಓಡಿ, ಅಲ್ಲಿ ಇರೋ 25 ಗಜದಲ್ಲೇ ನಾಲ್ಕು ಈಡು ಹೊಡೆದು, "ಆಯ್ತು" ಅಂತ ಕೋವಿ ಚೀಲಕ್ಕೆ ಹಾಕ್ಕೊಂಡು ಹೋಗೋರು ಬಹಳ. ಆಗಿಲ್ಲ. 25 ಗಜ ಈ ಕೆಲಸ ಶುರು ಮಾಡೋಕೆ ಒಳ್ಳೇ ಜಾಗ, ಮುಗಿಸೋಕೆ ಅಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಶಿಕಾರಿಯ ಮಾತೇ ಇಲ್ಲ. ಹಾಗಾಗಿ ಇವತ್ತಿನದು ಅಮೆರಿಕದಲ್ಲಿ ಕಾನೂನು ಪ್ರಕಾರ ಬೇಟೆಗೆ ಹೋಗೋ ಕನ್ನಡಿಗರಿಗೆ. ಎಚ್-1ಬಿ ವೀಸಾದಲ್ಲಿರೋರಿಗೆ ಒಂದು ಎಚ್ಚರಿಕೆ: ಯಾವುದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇಲ್ಲದೆ ಕೋವಿ, ತೋಟಾ ಇಟ್ಕೊಳ್ಳೋದು ಸಾಮಾನ್ಯವಾಗಿ ಫೆಡರಲ್ ಅಪರಾಧ. ಇನ್ನು ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರು "ಇದೆಲ್ಲ ನಮಗೆ ಗೊತ್ತು" ಅನ್ನಬಹುದು. ಅಲ್ಲಿ ಕಾಯಿ ಕಟ್ಟಿದ ಕಡೆಯೇ ಇರುತ್ತೆ ಸ್ವಾಮಿ. ಜಿಂಕೆ 60 ಗಜದಲ್ಲೂ ನಿಲ್ಲಬಹುದು, 220ರಲ್ಲೂ ನಿಲ್ಲಬಹುದು.

"25 ಗಜಕ್ಕೆ ಝೀರೋ ಮಾಡಿದ್ರೆ ಸಾಕು" ಅನ್ನೋ ಆ ಮಾತಿನಲ್ಲಿ ನಿಜ ಎಷ್ಟಿದೆ ನೋಡೋಣ. ಸ್ಕೋಪಿನ ನಡುಗೆರೆ ನಳಿಗೆಯ ನಡುಗೆರೆಗಿಂತ ಸುಮಾರು ಒಂದೂವರೆ ಇಂಚು ಮೇಲಿರುತ್ತೆ. ಅಂದ್ರೆ ಗುಂಡು ಹೊರಡೋದೇ ನಮ್ಮ ನೋಟದ ಗೆರೆಗಿಂತ ಕೆಳಗಿಂದ. ನಳಿಗೆ ತುಸು ಮೇಲ್ಮುಖವಾಗಿರೋದ್ರಿಂದ ಗುಂಡು ಏರುತ್ತಾ 25 ಗಜದ ಹತ್ರ ಆ ಗೆರೆ ದಾಟುತ್ತೆ, ಸ್ವಲ್ಪ ದೂರ ಮೇಲೇ ಸಾಗುತ್ತೆ, ಆಮೇಲೆ ಇಳೀತಾ ಮತ್ತೊಂದು ಸಲ ದಾಟುತ್ತೆ. 180 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿನ ಥರ್ಟಿ-ಆಟ್-ಸಿಕ್ಸ್ (.30-06 ಅನ್ನೋ ತೋಟಾ), ಸೆಕೆಂಡಿಗೆ 2,700 ಅಡಿ ವೇಗ ಅಂತಿಟ್ಕೊಳ್ಳಿ. 25 ಗಜದಲ್ಲಿ ನಟ್ಟನಡುವೆ ಬಿದ್ರೆ 100 ಗಜದಲ್ಲಿ ಸುಮಾರು ಎರಡೂವರೆ ಇಂಚು ಮೇಲೆ, 200ರಲ್ಲಿ ಒಂದು ಇಂಚಿನಷ್ಟು ಮೇಲೆ, 300ಕ್ಕೆ ಏಳೆಂಟು ಇಂಚು ಕೆಳಗೆ. ಜಿಂಕೆಯ ಎದೆಯಲ್ಲಿ ಶ್ವಾಸಕೋಶ, ಹೃದಯ ಸೇರಿ ಗುರಿಯಿಡೋ ಜಾಗ ಸುಮಾರು ಎಂಟು ಇಂಚು. ಲೆಕ್ಕದ ಪ್ರಕಾರ 200 ಗಜದ ತನಕ ಚಿಂತೆಯಿಲ್ಲ.

ಲೆಕ್ಕ ತಪ್ಪಲ್ಲ. ಆದ್ರೆ ಅದು ಆ ತೋಟಾದ ಲೆಕ್ಕ, ಆ ಸ್ಕೋಪಿನ ಎತ್ತರದ ಲೆಕ್ಕ. ಹಳೇ ಥರ್ಟಿ-ಥರ್ಟಿ (.30-30 ತೋಟಾದ) ಲಿವರ್ ಕೋವಿಗೆ ಅದೇ 25 ಗಜದ ಝೀರೋ ಮಾಡಿ ನೋಡಿ: 150 ಗಜಕ್ಕೇ ಗುಂಡು ಗೆರೆಗೆ ಇಳಿದಿರುತ್ತೆ, 200ರಲ್ಲಿ ನಾಲ್ಕು ಇಂಚಿಗೂ ಹೆಚ್ಚು ಕೆಳಗೆ. ಸ್ಕೋಪಿನ ಎತ್ತರದ್ದು ಇನ್ನೂ ಮೋಸ. 50 ಮಿಲಿಮೀಟರ್ ಲೆನ್ಸಿನ ಸ್ಕೋಪ್ ತಂದು ಎತ್ತರದ ರಿಂಗ್ (ಸ್ಕೋಪನ್ನ ಕೋವಿಗೆ ಹಿಡಿದಿಡೋ ಬಳೆ) ಹಾಕಿದ್ರೆ ಒಂದೂವರೆ ಇಂಚು ಎರಡು ಇಂಚಾಗುತ್ತೆ. ಆ ಅರ್ಧ ಇಂಚಿಗೆ ಗುಂಡು 100 ಗಜದಲ್ಲಿ ಒಂದೂವರೆ ಇಂಚು, 200 ಗಜದಲ್ಲಿ ಮೂರೂವರೆ ಇಂಚು ಇನ್ನೂ ಮೇಲಕ್ಕೆ ಹೋಗುತ್ತೆ. ಅಮೆರಿಕದ ಸೇನೆಯಲ್ಲಿ ಇದ್ದೋರು ತಮ್ಮ ರೈಫಲ್ ಬಗ್ಗೆ "ಎಂ-16ನ ನಾವು 25 ಮೀಟರಿಗೇ ಝೀರೋ ಮಾಡಿ 300 ಮೀಟರಿಗೆ ಹೊಡೀತಿದ್ವಿ" ಅಂತಾರೆ. ಹೌದು. ಆದ್ರೆ ಅದರ ಸೈಟ್ ನಳಿಗೆಯಿಂದ ಎರಡೂವರೆ ಇಂಚಿನಷ್ಟು ಮೇಲೆ, ತೋಟಾ ಎಲ್ಲರಿಗೂ ಒಂದೇ, ಗುರಿಯ ಕಾಗದವೂ ಅದಕ್ಕೇ ಅಳೆದು ಮಾಡಿದ್ದು.

ಇದೆಲ್ಲಕ್ಕಿಂತ ದೊಡ್ಡ ತಾಪತ್ರಯ ನಮ್ಮ ಕಣ್ಣಿನದ್ದೇ. 25 ಗಜದಲ್ಲಿ ಕಾಲಿಂಚು ತಪ್ಪಿದ್ರೆ 100ರಲ್ಲಿ ಒಂದು ಇಂಚು, 200ರಲ್ಲಿ ಎರಡು, 300ರಲ್ಲಿ ಮೂರು. ಥರ್ಟಿ-ಆಟ್-ಸಿಕ್ಸ್ ಗುಂಡಿನ ಅಗಲವೇ 0.308 ಇಂಚು. ಕಾಗದದ ಮೇಲಿನ ತೂತೇ ಕಾಲಿಂಚಿಗಿಂತ ದೊಡ್ಡದಾಗಿರುವಾಗ ಕಾಲಿಂಚು ತಪ್ಪನ್ನ ಎಲ್ಲಿ ಹುಡುಕ್ತೀರಿ? ಇದರ ಮೇಲೆ ಪ್ಯಾರಲಾಕ್ಸ್, ಅಂದ್ರೆ ಕಣ್ಣು ಸರಿದ್ರೆ ಸ್ಕೋಪಿನ ಗುರಿಯ ಗೆರೆಯೂ ಗುರಿಯ ಮೇಲೆ ಸರಿದ ಹಾಗೆ ಕಾಣೋದು. ಬೇಟೆಯ ಸಾಮಾನ್ಯ ಸ್ಕೋಪ್‌ಗಳನ್ನ ಕಾರ್ಖಾನೆಯಲ್ಲೇ 100 ಅಥವಾ 150 ಗಜಕ್ಕೆ ಹೊಂದಿಸಿರ್ತಾರೆ. 100ಕ್ಕೆ ಹೊಂದಿಸಿದ 40 ಮಿಲಿಮೀಟರ್ ಸ್ಕೋಪಿನಲ್ಲಿ 25 ಗಜ ನೋಡುವಾಗ ಕಣ್ಣು ಪೂರ್ತಿ ಅಂಚಿಗೆ ಸರಿದಿದ್ರೆ 15 ಮಿಲಿಮೀಟರ್ ತನಕ ಗುರಿ ತಪ್ಪಬಹುದು. ಅರ್ಧ ಇಂಚಿಗೂ ಹೆಚ್ಚು! ಅದನ್ನ ಎಂಟರಿಂದ ಗುಣಿಸಿ, 200 ಗಜದ ಕಥೆ ಏನು ಅಂತ ಗೊತ್ತಾಗುತ್ತೆ.

ಹಾಗಾದ್ರೆ 25 ಗಜ ಯಾಕೆ ಬೇಕು? ಗುಂಡು ಕಾಗದಕ್ಕೆ ತಾಗಲಿ ಅಂತ. ನೇರ 100 ಗಜಕ್ಕೆ ಹೋಗಿ, ಕಾಗದದಲ್ಲಿ ತೂತೇ ಕಾಣದೆ ಅರ್ಧ ಡಬ್ಬಿ ತೋಟಾ ಖಾಲಿ ಮಾಡೋರನ್ನ ಪ್ರತಿ ಸೀಸನ್ನಿನಲ್ಲೂ ನೋಡಬಹುದು.

ಮೊದಲು ಸ್ಕ್ರೂಗಳು. ರಿಂಗಿನ ಸ್ಕ್ರೂಗೆ ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್ ಬಿಗಿ ಹೇಳಿರ್ತಾರೆ, ತಯಾರಕರ ಚೀಟಿ ನೋಡಿ. ಸಡಿಲ ಸ್ಕ್ರೂ ಇಟ್ಕೊಂಡು ಸ್ಕೋಪಿನ ತಿರುಪನ್ನ ಕ್ಲಿಕ್ ಕ್ಲಿಕ್ ಅಂತ ತಿರುಗಿಸೋದು ವ್ಯರ್ಥ. ಬೋಲ್ಟ್ ಕೋವಿಯಾದ್ರೆ ತೋಟಾ ಇಲ್ಲ ಅಂತ ಖಚಿತ ಮಾಡ್ಕೊಂಡು, ಬೋಲ್ಟ್ ತೆಗೆದು, ಮರಳಿನ ಚೀಲಗಳ ಮೇಲೆ ಅಲ್ಲಾಡದ ಹಾಗೆ ಕೂರಿಸಿ. ನಳಿಗೆಯೊಳಗಿಂದ ನೋಡಿ 25 ಗಜದ ಕಪ್ಪು ಬೊಟ್ಟನ್ನ ಮಧ್ಯಕ್ಕೆ ತನ್ನಿ, ಕೋವಿ ಕದಲಿಸದೆ ಸ್ಕೋಪಿನೊಳಗಿನ ಗುರಿಯ ಗೆರೆ, ಅಂದ್ರೆ ಕ್ರಾಸ್‌ಹೇರ್ ಅದೇ ಬೊಟ್ಟಿಗೆ ಬರೋ ತನಕ ತಿರುಪು ತಿರುಗಿಸಿ. ಲಿವರ್ ಕೋವಿಗೆ ಹೀಗೆ ಹಿಂದಿನಿಂದ ನೋಡೋಕಾಗಲ್ಲ, ಲೇಸರ್ ಬೋರ್‌ಸೈಟರ್ ಬೇಕಾಗುತ್ತೆ. ನಳಿಗೆಯಲ್ಲಿ ಅದನ್ನ ಮರೆತು ಈಡು ಹೊಡೆದ್ರೆ ನಳಿಗೆಯೇ ಸಿಡಿಯುತ್ತೆ. ತೆಗೆದು ಮೇಜಿನ ಮೇಲಿಟ್ಟು, ಕಣ್ಣಲ್ಲಿ ನೋಡಿ, ಆಮೇಲೆ ತೋಟಾ ಮುಟ್ಟಿ.

ಒಂದು ಈಡು ಹೊಡೀರಿ. ಈಗ ಎಲ್ಲರೂ ಎಡವೋ ಜಾಗ: ಕಾಲು ಎಂಒಎ (ಕೋನದ ಅಳತೆ, 100 ಗಜಕ್ಕೆ ಸುಮಾರು ಒಂದು ಇಂಚು) ಸ್ಕೋಪಿನ ಒಂದು ಕ್ಲಿಕ್ 100 ಗಜಕ್ಕೆ ಕಾಲಿಂಚು, 25 ಗಜಕ್ಕೆ ಇಂಚಿನ ಹದಿನಾರನೇ ಒಂದು ಪಾಲು. ಒಂದು ಇಂಚು ಸರಿಸೋಕೆ ನಾಲ್ಕಲ್ಲ, 16 ಕ್ಲಿಕ್. ಟರೆಟ್ (ಆ ತಿರುಪು) ಮೇಲಿನ ಬಾಣ ಗುಂಡು ಸರಿಯೋ ದಿಕ್ಕು, ಕ್ರಾಸ್‌ಹೇರಿನದ್ದಲ್ಲ. ಮೂರು ಈಡಿನೊಳಗೆ ಅರ್ಧ ಇಂಚಿನ ಹತ್ತಿರ ಬಂತಾ, ಅಲ್ಲಿಗೆ 25 ಗಜ ಸಾಕು. ಇನ್ನೂ ತಿದ್ದುತ್ತಾ ಕೂತ್ರೆ ತೋಟಾ ದಂಡ.

100 ಗಜಕ್ಕೆ ಹೋಗಿ. ಚೀಲದ ಮೇಲೆ ಕೂರಬೇಕಾದ್ದು ಕೋವಿಯ ಮುಂದಿನ ಮರ, ನಳಿಗೆಯಲ್ಲ. ನಳಿಗೆ ತಾಗಿದ್ರೆ ಗುಂಡು ಬೇರೆಲ್ಲೋ ಬೀಳುತ್ತೆ. ಎಣ್ಣೆ ಹಚ್ಚಿ ಇಟ್ಟಿದ್ದ ಕೋವಿಯ ಮೊದಲ ಈಡನ್ನ ಲೆಕ್ಕಕ್ಕೆ ಹಿಡೀಬೇಡಿ. ಮೂರು ಈಡು ಹೊಡೆದು, ಮೂರರ ನಡುಬಿಂದು ನೋಡಿ ಕ್ಲಿಕ್ ತಿರುಗಿಸಿ. ಒಂದೊಂದು ಈಡಿಗೂ ತಿದ್ದಿದ್ರೆ ಅದು ಕೈ ನಡುಕಕ್ಕೆ ಮಾಡಿದ ತಿದ್ದುಪಡಿ. ನಳಿಗೆ ಮುಟ್ಟೋಕಾಗದಷ್ಟು ಬಿಸಿಯಾಗಿದ್ರೆ ಕಾಫಿ ಕುಡಿದು ಬನ್ನಿ. ಆ ಥರ್ಟಿ-ಆಟ್-ಸಿಕ್ಸ್‌ಗೆ 200 ಗಜದ ಝೀರೋ ಬೇಕಾದ್ರೆ ಇಲ್ಲಿ ಎರಡು ಇಂಚಿಗೆ ತುಸು ಹೆಚ್ಚು ಮೇಲೆ ಬೀಳಬೇಕು. ಆಮೇಲೆ 200 ಗಜಕ್ಕೇ ಹೋಗಿ ಹೊಡೆದು ನೋಡಿ. ಹತ್ತಿರದಲ್ಲಿ 200 ಗಜದ ರೇಂಜ್ ಇಲ್ವಾ? ಹಾಗಾದ್ರೆ ಕಾಡಲ್ಲಿ 200 ಗಜದ ಈಡೂ ಬೇಡ.

ಎಲ್ಲಾ ಮುಗಿದ ಮೇಲೆ ಸ್ಕೋಪ್ ಮುಟ್ಟದೆ 25 ಗಜಕ್ಕೆ ವಾಪಸ್ ಬಂದು ಎರಡು ಈಡು ಹೊಡೀರಿ. ಗುಂಡು ಎಲ್ಲಿ ಬಿತ್ತೋ ಆ ಕಾಗದದ ಮೇಲೆ ತೋಟಾದ ಹೆಸರು, ಗ್ರೇನ್, ತಾರೀಖು ಬರೆದು ಕೋವಿ ಚೀಲದಲ್ಲಿಡಿ. ಕ್ಯಾಂಪಿನಲ್ಲಿ ಕೋವಿ ಕೈಜಾರಿ ಬಿದ್ರೆ, ಸುರಕ್ಷಿತ ಜಾಗದಲ್ಲಿ ಅದೇ 25 ಗಜಕ್ಕೆ ಹೊಡೆದು ಹೋಲಿಸಿ. ಅರ್ಧ ಇಂಚು ಸರಿದಿದ್ರೆ ಅವತ್ತು ಬೇಟೆ ಇಲ್ಲ, ರೇಂಜ್. ಬೇರೆ ಕಂಪನಿಯ ತೋಟಾ ಕೊಂಡ ದಿನ ಆ ಕಾಗದ ಹರಿದು ಹಾಕಿ, 100 ಗಜದಿಂದ ಮತ್ತೆ ಶುರು ಮಾಡಿ.