ಹೊರಗೆ ಹೊಸದು, ಒಳಗೆ ಬೋಳು

ನಮಸ್ಕಾರ ರೀ. ಹುಬ್ಬಳ್ಳಿ ಗೋಕುಲ ರೋಡಿನ ಒಂದು ಟೈರ್ ಅಂಗಡಿಗೆ ಬಂದಿದ್ದೇನೆ. ಇದು ನಮ್ಮ ಕಾರಿನ ಎಡಗಡೆ ಮುಂದಿನ ಟೈರ್. ನಿಂತು ನೋಡಿದರೆ ಚೆನ್ನಾಗೇ ಇದೆ ಅಲ್ವಾ? ಈಗ ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸುತ್ತೇನೆ. ಮುಂದಿನಿಂದ ಬಗ್ಗಿ ನೋಡಿ. ಒಳಗಿನ ಅಂಚು ಬೋಳು! ಗೀರುಗಳ ನಡುವೆ ಸಣ್ಣ ರಬ್ಬರ್ ದಿಣ್ಣೆ ಇರುತ್ತದೆ, ಅದರ ಎತ್ತರ 1.6 ಮಿಲಿಮೀಟರ್. ಟೈರ್ ಅದರ ಸಮಕ್ಕೆ ಸವೆದರೆ ಮುಗೀತು ಅಂತ ಅರ್ಥ. ಇಲ್ಲಿ ಸಮ ಆಗಿದೆ.

ಸವೆತ ನೋಡಿದರೆ ಕಾರಣ ಸುಮಾರಾಗಿ ಗೊತ್ತಾಗುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಹೋಗಿದ್ದರೆ ಅಲೈನ್‌ಮೆಂಟ್ ಮೇಲೆ, ಅಂದರೆ ಚಕ್ರಗಳು ನಿಂತ ಕೋನದ ಮೇಲೆ, ಅನುಮಾನ. ಅಂಗೈಯನ್ನು ಟೈರ್ ಮೇಲೆ ಅಡ್ಡಡ್ಡ ಸವರಿ ನೋಡಿ. ಒಂದು ಕಡೆಗೆ ನುಣ್ಣಗೆ, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೆಟ್ಟಿದೆ. ಅಂದರೆ ಮುಂದಿನ ಎರಡು ಚಕ್ರ ನೇರ ಓಡದೆ ರಸ್ತೆಗೆ ಉಜ್ಜಿಕೊಂಡು ಹೋಗುತ್ತಿವೆ. ಎರಡೂ ಕಡೆ ಸಮವಾಗಿ ಕೆಟ್ಟಿದ್ದರೆ ಸ್ಟೀರಿಂಗ್ ಎಳೆಯುವುದೂ ಇಲ್ಲ, ಸುಮ್ನೆ ಟೈರ್ ತಿನ್ನುತ್ತಾ ಇರುತ್ತದೆ.

ಇನ್ನೊಂದು ಅಂಗಡಿಯಲ್ಲಿ "ಟೈರ್ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ, ಸಾಕು" ಅಂದಿದ್ದರು. ಗಾಡಿ ಎತ್ತಿ ನೋಡಲೇ ಇಲ್ಲ. ಇಲ್ಲಿನ ಮೇಸ್ತ್ರಿ ಮೊದಲು ಜಾಕ್ ಹಾಕಿದರು. ಚಕ್ರವನ್ನು ಎಡ ಬಲ ಹಿಡಿದು ಅಲ್ಲಾಡಿಸಿದರು. ಟಕ್ ಟಕ್. ಕೇಳಿಸಿತಾ? ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗ್ ಜೊತೆ ಚಕ್ರವನ್ನು ತಿರುಗಿಸುವ ಸರಳಿನ ತುದಿಯ ಕೀಲು, ಹೋಗಿದೆ. ಚಕ್ರವನ್ನು ಗಾಡಿಗೆ ಹಿಡಿದಿಡುವ ಲೋವರ್ ಆರ್ಮ್ ಅನ್ನುವ ತೋಳಿನ ರಬ್ಬರ್ ಬುಷ್ ಕೂಡ ಹರಿದಿದೆ. "ಇದನ್ನ ಬಿಟ್ಟು ಅಲೈನ್‌ಮೆಂಟ್ ಮಾಡಿದ್ರ ನಾಕ್ ದಿನ ನಿಂತೀತ್ರಿ ಸರ್, ಅಷ್ಟ" ಅಂದರು.

ಬುಷ್ ಹರಿದದ್ದಕ್ಕೆ ನನಗೇನೂ ಆಶ್ಚರ್ಯ ಆಗಲಿಲ್ಲ. ನಾನು ಜಾಸ್ತಿ ಓಡಾಡುವುದು ಅಣ್ಣಿಗೇರಿ, ಗದಗ ಕಡೆಯ ಹಳ್ಳಿ ದಾರಿಗಳಲ್ಲಿ. ಎಲ್ಲಾ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಎಷ್ಟು ದಿನ ಸಪಾಟಾಗಿ ಇದ್ದೀತು?

ಬಿಡಿಭಾಗ ಹಾಕಿ ಆಯಿತು. ಈಗ ರಿಮ್‌ಗೆ ಚಕ್ರದ ಕೋನ ಅಳೆಯುವ ಕ್ಲ್ಯಾಂಪ್ ಸಿಕ್ಕಿಸಿದ್ದಾರೆ, ಸ್ಟೀರಿಂಗ್ ನೇರ ಮಾಡಿ ಲಾಕ್ ಹಾಕಿದ್ದಾರೆ. ಕಂಪ್ಯೂಟರ್‌ನಲ್ಲಿ ಅಳತೆ ತಪ್ಪಿ ಕೆಂಪು ಇದ್ದದ್ದು, ಟೈ ರಾಡ್ ಸ್ವಲ್ಪ ಸ್ವಲ್ಪ ತಿರುಗಿಸಿದ ಹಾಗೆ ಹಸಿರಾಗುತ್ತಿದೆ ನೋಡಿ. ಬಹಳಷ್ಟು ಸಣ್ಣ ಕಾರುಗಳಲ್ಲಿ ಹೀಗೆ ತಿರುಗಿಸಿ ಸರಿ ಮಾಡಲು ಬರುವುದು ಮುಂದಿನ ಟೋ ಒಂದೇ. ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಕೆಂಪು ತೋರಿಸಿದರೆ ಏನೋ ಬಗ್ಗಿದೆ ಅಥವಾ ಸವೆದಿದೆ, ಅದನ್ನು ಹುಡುಕಿಸಿ. ಇನ್ನು ವೇಗದಲ್ಲಿ ಸ್ಟೀರಿಂಗ್ ನಡುಗುವುದು ಹೆಚ್ಚಾಗಿ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಮಾಡುವುದು) ಲೆಕ್ಕ, ಅದು ಬೇರೆಯೇ ಕೆಲಸ.

ಹೊಸ ಟೈರ್ ಎರಡೇ ತೆಗೆದುಕೊಂಡೆ. ಇಲ್ಲಿ ಮೇಸ್ತ್ರಿಗೂ ನನಗೂ ಸಣ್ಣ ಜಗ್ಗಾಟ. ಅವರು ಮುಂದೆ ಹಾಕೋಣ ಅಂದರು, ನಾನು ಹಿಂದೆ ಹಾಕಿಸಿದೆ. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ವೇಗ ಇಳಿಸಿ ಹೇಗೋ ಸಂಭಾಳಿಸಬಹುದು, ಹಿಂದಿನದು ಜಾರಿದರೆ ಗಾಡಿಯೇ ಗಿರ್ ಅಂತ ತಿರುಗುತ್ತದೆ. ಹಿಂದೆ ಇದ್ದ ಜೋಡಿ ಸಮವಾಗಿ ಸವೆದಿತ್ತು, ಅದು ಮುಂದಕ್ಕೆ ಬಂತು.

ಹಾಂ, ದುಡ್ಡು ಕೊಡುವ ಮುಂಚೆ ಅಲೈನ್‌ಮೆಂಟ್ ಪ್ರಿಂಟ್ ಕೇಳಿ ಇಸ್ಕೊಳ್ಳಿ. ಮಾಡುವ ಮೊದಲಿನ ಅಳತೆ, ಆದ ಮೇಲಿನ ಅಳತೆ, ಎರಡೂ ಅದರಲ್ಲಿ ಇರಬೇಕು.