ಹುಲ್ಲಿಗೆ ಬಿಡುವು ಬೇಕು, ಕುರಿಗಾರನಿಗೆ ಆಸರೆ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಹುಲ್ಲುಗಾವಲಿನ ಬಗ್ಗೆ ಮಾತಾಡೋಣ. ಯಾರೂ ಬಿತ್ತಿದ್ದಲ್ಲ, ಯಾರೂ ಉತ್ತಿದ್ದಲ್ಲ, ಸಾವಿರಾರು ವರ್ಷದಿಂದ ತಾನಾಗೇ ಬೆಳ್ಕೊಂಡು ಬಂದಿರೋ ನಾಟಿ ಹುಲ್ಲಿನ ಬಯಲು, ಮತ್ತೆ ಅದನ್ನೇ ನಂಬ್ಕೊಂಡಿರೋ ಕುರಿ ಸಾಕಣೆ. ಈ ಮಾತು ಬಂದ್ರೆ ಸಾಕು, ಜನ ಎರಡು ಪಾರ್ಟಿ ಆಗ್ಬಿಡ್ತಾರೆ, ಕುರಿ ಬಿಟ್ರೆ ಹುಲ್ಲು ಹಾಳು ಅನ್ನೋರು ಒಂದ್ಕಡೆ, ಹುಲ್ಲು ಇರೋದೇ ಮೇಯ್ಸೋಕೆ ಅನ್ನೋರು ಇನ್ನೊಂದ್ಕಡೆ. ಇಬ್ರೂ ಕುರಿ ತಲೆ ಎಣಿಸ್ತಾರೆ, ಹುಲ್ಲಿಗೆ ಎಷ್ಟು ದಿನ ಬಿಡುವು ಸಿಕ್ತು ಅಂತ ಮಾತ್ರ ಎಣಿಸಲ್ಲ. ನನ್ನ ಪ್ರಕಾರ ಇಡೀ ವಿಷಯ ನಿಂತಿರೋದೇ ಆ ಬಿಡುವಿನ ಮೇಲೆ.

ಹೇಗೆ ಅಂತ ಹೇಳ್ತೀನಿ. ಹುಲ್ಲು ಚಿಗುರೋದು ಬುಡದಿಂದ, ಅದಕ್ಕೇ ಮೇಲಿಂದ ಕಚ್ಚಿದ್ರೂ ಸಾಯಲ್ಲ. ಕುರಿಗೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ, ಗಟ್ಟಿ ವಸಡಷ್ಟೇ, ಆದ್ರೆ ಮೇಲ್ತುಟಿ ಸೀಳಿರುತ್ತೆ, ಹಾಗಾಗಿ ದನಕ್ಕಿಂತ ನೆಲಕ್ಕೆ ಹತ್ತಿರ ಬಾಯಿ ಹಾಕಿ, ಬೇಕಾದ ಎಲೆ ಮಾತ್ರ ಆರಿಸಿ ಕಚ್ಚುತ್ತೆ. ಕಚ್ಚಿದ ಮೇಲೆ ಹುಲ್ಲು ತನ್ನ ಬುಡದಲ್ಲಿ ಕೂಡಿಟ್ಟಿದ್ದ ಆಹಾರದ ಗಂಟು ಕರಗಿಸಿ ಹೊಸ ಚಿಗುರು ಬಿಡುತ್ತೆ, ಆ ಚಿಗುರು ದೊಡ್ಡದಾಗಿ ಬಿಸಿಲಲ್ಲಿ ದುಡಿದ ಮೇಲೆ ತಾನೇ ಗಂಟು ಮತ್ತೆ ತುಂಬೋದು, ಅಷ್ಟರೊಳಗೆ ಕುರಿ ವಾಪಸ್ ಬಂದು ಅದೇ ಎಳೇ ಚಿಗುರು ಕಚ್ಚಿದ್ರೆ ಬೇರು ಸೊರಗುತ್ತೆ. ಕುರಿ ಬಂದೇ ಬರುತ್ತೆ, ಯಾಕಂದ್ರೆ ರುಚಿ ಇರೋದು ಅಲ್ಲೇ. ದೊಡ್ಡ ಬಯಲಲ್ಲಿ ಕಮ್ಮಿ ಕುರಿ ಬಿಟ್ಟು ವರ್ಷಪೂರ್ತಿ ಅಲ್ಲೇ ಇಟ್ರೂ ಒಳ್ಳೇ ಹುಲ್ಲುಗಳು ಒಂದೊಂದಾಗಿ ಹೋಗ್ತಾ ಇರುತ್ವೆ, ದೂರದಿಂದ ನೋಡಿದ್ರೆ ಬಯಲು ತುಂಬಿದ ಹಾಗೇ ಕಾಣುತ್ತೆ. ಅತಿಯಾಗಿ ಮೇಯಿಸೋದು ಅನ್ನೋದು ತಲೆಲೆಕ್ಕಕ್ಕಿಂತ ಸಮಯದ ಲೆಕ್ಕ ಅಂತ ಫ್ರಾನ್ಸಿನ ವಿಜ್ಞಾನಿ ಆಂದ್ರೆ ವೊಯ್ಸಿನ್ 1950ರ ದಶಕದಲ್ಲೇ ಒತ್ತಿ ಹೇಳಿದ್ರು.

ಹಾಗಾದ್ರೆ ಬೇಲಿ ಹಾಕಿ ಕುರಿನೇ ಓಡಿಸ್ಬಿಡೋಣವಾ? ಅದನ್ನೂ ಮಾಡಿ ನೋಡಿದ್ದಾಗಿದೆ. ಇಂಗ್ಲೆಂಡಿನ ಹುಲ್ಲಿನ ಇಳಿಜಾರುಗಳಲ್ಲಿ ಲಾರ್ಜ್ ಬ್ಲೂ ಅಂತ ಒಂದು ನೀಲಿ ಚಿಟ್ಟೆ ಇತ್ತು. ಅದು ಥೈಮ್ ಗಿಡದ ಮೊಗ್ಗಿಗೆ ಮೊಟ್ಟೆ ಇಡುತ್ತೆ, ಹುಳ ಒಂದಷ್ಟು ದಿನ ಹೂವು ತಿಂದು ನೆಲಕ್ಕೆ ಬೀಳುತ್ತೆ, ಒಂದು ಜಾತಿ ಕೆಂಪಿರುವೆ ಅದನ್ನ ತನ್ನ ಮರಿ ಅಂದ್ಕೊಂಡು ಗೂಡಿಗೆ ಹೊತ್ಕೊಂಡು ಹೋಗುತ್ತೆ, ಅಲ್ಲಿ ಅದು ತಿಂಗಳುಗಟ್ಟಲೆ ಇರುವೆ ಮರಿಗಳನ್ನೇ ತಿಂದು ಬೆಳೆಯುತ್ತೆ. ಆ ಇರುವೆಗೆ ಬೆಚ್ಚಗಿನ ನೆಲ ಬೇಕು, ನೆಲ ಬೆಚ್ಚಗಿರ್ಬೇಕಂದ್ರೆ ಹುಲ್ಲು ಗಿಡ್ಡ ಇರ್ಬೇಕು. ಚಿಟ್ಟೆ ಹಿಡಿಯೋರಿಂದ ಕಾಪಾಡ್ಬೇಕು ಅಂತ ಬೇಲಿ ಹಾಕಿದ್ರು, ಮೇಯೋ ಪ್ರಾಣಿಗಳೂ ಆಚೆ ಉಳಿದ್ವು, 1950ರ ದಶಕದಲ್ಲಿ ಕಾಡುಮೊಲಗಳು ರೋಗ ಬಂದು ಸತ್ವು, ಹುಲ್ಲು ಸ್ವಲ್ಪವೇ ಎತ್ತರ ಆಯ್ತು, ನೆಲ ತಂಪಾಯ್ತು, ಇರುವೆ ಹೋಯ್ತು, 1979ರಲ್ಲಿ ಚಿಟ್ಟೆ ಬ್ರಿಟನ್ನಿಂದ ಪೂರ್ತಿ ಮಾಯ. ಜೆರೆಮಿ ಥಾಮಸ್ ಅನ್ನೋ ವಿಜ್ಞಾನಿ ಈ ಸರಪಳಿ ಬಿಡಿಸೋ ಹೊತ್ತಿಗೆ ತಡ ಆಗಿತ್ತು. ಆಮೇಲೆ 1980ರ ದಶಕದಲ್ಲಿ ಸ್ವೀಡನ್‌ನಿಂದ ತಂದು ಬಿಟ್ರು, ಜೊತೆಗೆ ಮೇಯಿಸೋದನ್ನೂ ವಾಪಸ್ ತಂದ್ರು, ಈಗ ಚಿಟ್ಟೆ ಮತ್ತೆ ಹಾರ್ತಿದೆ.

ಆಸ್ಟ್ರೇಲಿಯಾದಲ್ಲಿ ಪ್ಲೇನ್ಸ್ ವಾಂಡರರ್ ಅಂತ ಲಾವುಗೆಯಷ್ಟೇ ಇರೋ ಹಕ್ಕಿ, ಹುಲ್ಲು ತೀರಾ ದಟ್ಟ ಆದ್ರೂ ಅಲ್ಲಿರಲ್ಲ, ತೀರಾ ಬೋಳಾದ್ರೂ ಇರಲ್ಲ. ವಿಕ್ಟೋರಿಯಾ ರಾಜ್ಯದ ಟೆರಿಕ್ ಟೆರಿಕ್ ರಾಷ್ಟ್ರೀಯ ಉದ್ಯಾನದಲ್ಲಿ ಅದರ ಜಾಗ ಹದವಾಗಿಡೋಕೆ ಕುರಿಗಳನ್ನ ಬಳಸಿದಾರೆ. ಹೌದು, ರಾಷ್ಟ್ರೀಯ ಉದ್ಯಾನದ ಒಳಗೇ ಕುರಿ.

ಇನ್ನು ಬಿಡುವು ಕೊಡೋದು ಯಾವಾಗ? ಮುಖ್ಯವಾಗಿ ಹೂ ಬಿಟ್ಟು ಬೀಜ ಕಟ್ಟೋವಾಗ. ಇದರಲ್ಲಿ ಕುರಿಗಾರರಿಗೂ ಲಾಭ ಇದೆ. ಕೆಲವು ಹುಲ್ಲುಗಳ ಬೀಜದ ತುದಿ ಸೂಜಿ ಥರ, ಹಿಂದೆ ಉದ್ದ ಬಾಲ, ಒಣಗಿದಾಗ ತಿರುಚಿಕೊಳ್ತಾ, ತೇವ ತಾಗಿದಾಗ ಬಿಚ್ಚಿಕೊಳ್ತಾ ಆ ಬಾಲ ಬೀಜವನ್ನ ಮಣ್ಣೊಳಗೆ ಕೊರೆದು ಇಳಿಸುತ್ತೆ. ಅದೇ ಬೀಜ ಕುರಿ ಉಣ್ಣೆಗೆ ಸಿಕ್ಕಿದ್ರೆ ಚರ್ಮಕ್ಕೇ ಚುಚ್ಕೊಂಡು ಹೋಗುತ್ತೆ, ಕಣ್ಣಿಗೂ ಹೋಗುತ್ತೆ, ಉಣ್ಣೆ ರೇಟೂ ಬೀಳುತ್ತೆ. ಹಾಗಾಗಿ ಆ ಟೈಮಲ್ಲಿ ಮಂದೆ ಬೇರೆ ಕಡೆ ಇದ್ರೆ ಇಬ್ಬರಿಗೂ ಒಳ್ಳೇದು. ಜಂತುಹುಳದ್ದೂ ಅಷ್ಟೇ, ಹಿಕ್ಕೆಯಿಂದ ಹೊರಬಂದ ಮರಿಹುಳಗಳು ಹುಲ್ಲಿನ ಬುಡದ ಹತ್ರಾನೇ ಜಾಸ್ತಿ ಇರುತ್ವೆ, ಹುಲ್ಲನ್ನ ನೆಲಮಟ್ಟಕ್ಕೆ ಮೇಯಿಸದೆ ಎತ್ತರ ಇರುವಾಗಲೇ ಮಂದೆ ಎಬ್ಬಿಸಿದ್ರೆ ಹೊಟ್ಟೆ ಸೇರೋ ಹುಳ ಕಮ್ಮಿ, ಔಷಧಿ ಖರ್ಚೂ ಕಮ್ಮಿ.

ಆದ್ರೆ ನೇಗಿಲು ಮತ್ತೆ ರಂಜಕದ ಗೊಬ್ಬರ ಇವೆರಡರ ಜೊತೆ ರಾಜಿ ಕಷ್ಟ. ಬಡ ಮಣ್ಣಿಗೆ ಹೊಂದ್ಕೊಂಡಿರೋ ನಾಟಿ ಹುಲ್ಲಿಗೆ ಸೂಪರ್ ಫಾಸ್ಫೇಟ್ ಸುರಿದ್ರೆ ಅದನ್ನ ಉಂಡು ಕೊಬ್ಬೋದು ಹೊರಗಿಂದ ಬಂದ ಕಳೆ, ಗೊಬ್ಬರ ನಿಲ್ಲಿಸಿದ ಮೇಲೂ ರಂಜಕ ಎಷ್ಟೋ ವರ್ಷ ಮಣ್ಣಲ್ಲೇ ಇರುತ್ತೆ. ಅದೇ ಥರ ಹುಲ್ಲುಗಾವಲನ್ನ ಪಾಳುಭೂಮಿ ಅಂತ ಬರೆದು ಸಾಲಾಗಿ ಗಿಡ ನೆಡೋದು ನೋಡಿದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಗಿಡ ನೆಟ್ರೆ ಗಾಳಿಯ ಇಂಗಾಲ ಹಿಡಿದಿಡ್ಬಹುದು ಅಂತಾರೆ, ಆದ್ರೆ ಹುಲ್ಲುಗಾವಲೂ ಅದನ್ನ ಹಿಡಿದಿಡುತ್ತೆ, ಅದರ ಇಂಗಾಲದ ದೊಡ್ಡ ಪಾಲು ಮಣ್ಣಲ್ಲಿ, ಬೇರಲ್ಲಿ ಇರುತ್ತೆ, ಬೆಂಕಿ ಬಿದ್ರೂ ಸುಲಭಕ್ಕೆ ಸುಟ್ಟು ಹೋಗಲ್ಲ.

ಕೊನೇದಾಗಿ ದುಡ್ಡಿನ ಮಾತು. ಬಿಡುವು ಅಂದ್ರೆ ಅಷ್ಟು ದಿನ ಆ ಜಾಗದಿಂದ ಮೇವಿಲ್ಲ, ಕುರಿಗಾರ ಅದನ್ನ ಒಬ್ಬನೇ ಯಾಕೆ ಹೊರ್ಬೇಕು? ಆಸ್ಟ್ರೇಲಿಯಾ ಸರ್ಕಾರ 2007ರಲ್ಲಿ ಶುರು ಮಾಡಿದ ಒಂದು ಯೋಜನೆಯಲ್ಲಿ ಅಲ್ಲಲ್ಲಿ ಮರ ಇರೋ ಹುಲ್ಲು ತುಂಬಿದ ಬಯಲು ಕಾಪಾಡೋ ರೈತರ ಜೊತೆ 15 ವರ್ಷದವರೆಗಿನ ಒಪ್ಪಂದ ಮಾಡ್ಕೊಂಡು ದುಡ್ಡು ಕೊಟ್ರು. ವಿಶ್ವಸಂಸ್ಥೆ 2026ನ್ನ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷ ಅಂತ ಘೋಷಿಸಿದೆ, ಭಾಷಣ ಬೇಕಾದಷ್ಟು ಆಗುತ್ತೆ, ಅದರ ಜೊತೆ ಇಂಥ ಒಪ್ಪಂದಗಳೂ ಆಗ್ಲಿ. ಅದರಲ್ಲಿ ಬರಗಾಲದ ಮಾತೂ ಮೊದಲೇ ಬರೆದಿರ್ಲಿ, ಯಾವ ತಿಂಗಳೊಳಗೆ ಮಳೆ ಬರದಿದ್ರೆ ಎಷ್ಟು ಕುರಿ ಮಾರ್ಬೇಕು, ಆ ನಷ್ಟ ಯಾರು ತುಂಬಿ ಕೊಡ್ಬೇಕು ಅಂತ. ಈ ಎರಡು ಸಾಲು ಇಲ್ಲದೆ ಇದ್ರೆ ಕುರಿಗಾರ ಕುರಿ ರೇಟು ಏರ್ಬಹುದು ಅಂತ ಕಾಯ್ತಾ ಕೂರೋದೇ ಆಗುತ್ತೆ, ಅಷ್ಟರಲ್ಲಿ ಹುಲ್ಲಿನ ಬುಡವೂ ಮುಗಿದಿರುತ್ತೆ. ನಮಸ್ಕಾರ.