ರಾಣಿಬಾಗ್ ಪಕ್ಕದ ಮ್ಯೂಸಿಯಂ

ಎಲ್ಲರಿಗೂ ನಮಸ್ಕಾರ.

ಮುಂಬಯಿ ಕನ್ನಡಿಗರಲ್ಲಿ ಮಕ್ಕಳನ್ನು ಕರ್ಕೊಂಡು ರಾಣಿಬಾಗಿಗೆ, ಅಂದರೆ ಬಾಯ್ಕುಳದ ಪ್ರಾಣಿಸಂಗ್ರಹಾಲಯಕ್ಕೆ, ಹೋಗದವರು ಕಡಿಮೆ. ಮೊದಲು ನೀರಾನೆ, ಈಗ ಪೆಂಗ್ವಿನ್. ಅಲ್ಲೇ ಪಕ್ಕದಲ್ಲಿ ಒಂದು ಹಳೇ ಕಟ್ಟಡ ಇದೆಯಲ್ಲ, ಅದರೊಳಗೆ ಕಾಲಿಟ್ಟವರು ಎಷ್ಟು ಜನ? ಕೈ ಎತ್ತೋದೇನೂ ಬೇಡ. ಇವತ್ತು ಮಾತಾಡುವುದು ಅದರ ಬಗ್ಗೆಯೇ, ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ.

1872ರಲ್ಲಿ ಈ ಕಟ್ಟಡದಲ್ಲಿ ಜನರಿಗೆ ಬಾಗಿಲು ತೆರೆದಾಗ ಇದರ ಹೆಸರು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಓಡಾಡಿ ಚಂದಾ ಎತ್ತಿದವರಲ್ಲಿ ಭಾವು ದಾಜಿ ಮತ್ತು ಮುಂಬಯಿಯ ದೊಡ್ಡ ವ್ಯಾಪಾರಿ ಜಗನ್ನಾಥ ಶಂಕರಶೇಟ್ ಮುಖ್ಯರು. ಭಾವು ದಾಜಿ ವೃತ್ತಿಯಲ್ಲಿ ಡಾಕ್ಟರು, ಹಳೇ ಶಾಸನ ಓದುವುದು ಅವರ ಹುಚ್ಚು. ಮ್ಯೂಸಿಯಂಗೆ ಅವರ ಹೆಸರು ಸಿಕ್ಕಿದ್ದು ಮಾತ್ರ 1975ರಲ್ಲಿ. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ನೂರು ವರ್ಷ ಆಗಿತ್ತು.

ಕಾಲ ಕಳೆದಂತೆ ಕಟ್ಟಡ ಹಾಳು ಬಿತ್ತು. 2003ರಲ್ಲಿ ಮಹಾನಗರಪಾಲಿಕೆ, ಹಳೇ ಕಟ್ಟಡ-ಕಲೆಗಳನ್ನು ಉಳಿಸುವ ಸಂಸ್ಥೆ ಇಂಟ್ಯಾಕ್, ಜಮ್ನಾಲಾಲ್ ಬಜಾಜ್ ಫೌಂಡೇಶನ್ ಮೂವರೂ ಒಪ್ಪಂದ ಮಾಡಿಕೊಂಡು ರಿಪೇರಿಗೆ ಇಳಿದರು. 2005ರಲ್ಲಿ ಯುನೆಸ್ಕೋ ಪ್ರಶಸ್ತಿಯೂ ಬಂತು. ಜನರಿಗೆ ಮತ್ತೆ ಬಾಗಿಲು ತೆರೆದದ್ದು 2008ರಲ್ಲಿ.

ಜೀರ್ಣೋದ್ಧಾರ ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಏನಾಗುತ್ತೆ? ನೆಲಕ್ಕೆ ಗ್ರಾನೈಟ್, ಗೋಡೆಗೆ ಆಯಿಲ್ ಪೇಂಟ್, ಮೇಲೊಂದು ಫಾಲ್ಸ್ ಸೀಲಿಂಗ್. ಇಲ್ಲಿ ಆ ಕೆಲಸ ಮಾಡಲಿಲ್ಲ, ಪುಣ್ಯ. ಎರಕದ ಕಬ್ಬಿಣದ ಕಂಬಗಳು, ನೆಲಕ್ಕೆ ಹಾಕಿದ ಇಂಗ್ಲೆಂಡಿನ ಮಿಂಟನ್ ಟೈಲ್ಸ್, ಚಾವಣಿಯ ಚಿನ್ನದ ಚಿತ್ತಾರ ಎಲ್ಲವನ್ನೂ ಹಿಂದೆ ಇದ್ದ ಹಾಗೇ ತಂದರು. ಮರದ ಕಪಾಟುಗಳೂ ಹಳೇ ಕಾಲದವೇ. ಹಾಗಾಗಿ ಅಲ್ಲಿ ಬರೀ ವಸ್ತುಗಳು ಕಾಣುವುದಿಲ್ಲ, ಆ ಕಾಲದವರು ಅವನ್ನು ಹೇಗೆ ಜೋಡಿಸಿಟ್ಟು ನೋಡಿದರು ಅನ್ನುವುದೂ ಕಾಣುತ್ತೆ.

ಮೇಲಿನ ಮಹಡಿಗೆ ಹೋದರೆ ಇದು ಚೆನ್ನಾಗಿ ಗೊತ್ತಾಗುತ್ತೆ. ಗಾಜಿನ ಹಿಂದೆ ಮುಂಬಯಿ ಜನರ ಮಣ್ಣಿನ ಬೊಂಬೆಗಳಿವೆ. ಒಬ್ಬೊಬ್ಬರದು ಒಂದೊಂದು ಬಗೆಯ ಪಗಡಿ, ಒಂದೊಂದು ಥರ ಉಟ್ಟ ಸೀರೆ. ಇಂಥ ಜಾತಿ, ಇಂಥ ಕಸುಬು ಅಂತ ವಿಂಗಡಣೆ. ಕೈಕೆಲಸ ಎಷ್ಟು ಚೆನ್ನಾಗಿದೆ ಅಂದರೆ ನೋಡುತ್ತಾ ಹೊತ್ತು ಹೋದದ್ದೇ ತಿಳಿಯಲ್ಲ. ಆದರೆ ಸ್ವಲ್ಪ ಯೋಚಿಸಿ. ಆಳುವವರು ನಮ್ಮನ್ನು ಚಿಟ್ಟೆಗಳನ್ನು ಪೆಟ್ಟಿಗೆಯಲ್ಲಿ ಪಿನ್ನು ಚುಚ್ಚಿ ಇಟ್ಟ ಹಾಗೆ ಇಟ್ಟಿದ್ದಾರೆ, ಅಲ್ವಾ? ಬಣ್ಣಬಣ್ಣದ ಆ ಕೋಣೆಯಲ್ಲಿ ಈ ಪ್ರಶ್ನೆ ಬೇಗ ಮರೆತುಹೋಗುತ್ತೆ. ಮರೆಯಬೇಡಿ ಅನ್ನುವುದೇ ನನ್ನ ಮಾತು.

ಉಡುಪಿ ಹೋಟೆಲಿನ ಮಾಣಿಯನ್ನು ಅಲ್ಲಿ ಹುಡುಕಬೇಡಿ. ಬೊಂಬೆಗಳಲ್ಲಿ ಹೆಚ್ಚಿನವು ಇಪ್ಪತ್ತನೇ ಶತಮಾನದ ಆರಂಭದವು. ಮಾಟುಂಗದ ರಾಮ ನಾಯಕರ ಉಡುಪಿ ಊಟದ ಬೋರ್ಡಿಂಗ್ ಶುರುವಾದದ್ದೇ 1942ರಲ್ಲಿ. ನಾವು ಈ ಊರಿನ ಕಪಾಟಿಗೆ ತಡವಾಗಿ ಬಂದವರು.

ಪಾರ್ಸಿಗಳ ದಖ್ಮಾದ, ಅಂದರೆ ಹೆಣಗಳನ್ನು ಹದ್ದುಗಳಿಗೆ ಬಿಡುವ ಗೋಪುರದ, ಒಂದು ಮಾದರಿಯೂ ಅಲ್ಲಿದೆ. ಮಲಬಾರ್ ಹಿಲ್‌ನ ನಿಜವಾದ ದಖ್ಮಾದೊಳಗೆ ಹೆಣ ಹೊರುವವರ ಹೊರತು ಬೇರೆ ಯಾರಿಗೂ ಪ್ರವೇಶವಿಲ್ಲ. ಒಳಗಿನ ರಚನೆ ತಿಳಿಯಲು ಉಳಿದವರಿಗೆ ಇಂಥ ಮಾದರಿಯೇ ಗತಿ.

ಹೊರಗೆ ಬಂದ ಮೇಲೆ ಆತುರ ಮಾಡಬೇಡಿ. ಅಂಗಳದಲ್ಲಿ ಒಂದು ಕಲ್ಲಿನ ಆನೆ ನಿಂತಿದೆ. ಪೋರ್ಚುಗೀಸರು ಘಾರಾಪುರಿ ದ್ವೀಪಕ್ಕೆ ಎಲಿಫೆಂಟಾ ಅಂತ ಹೆಸರಿಟ್ಟದ್ದು ಇದೇ ಆನೆಯಿಂದ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಕ್ರೇನ್ ಕೈಕೊಟ್ಟು ಆನೆ ಬಿದ್ದು ಚೂರಾಯಿತು. ಆ ಚೂರುಗಳನ್ನು ಇಲ್ಲಿಗೆ ತಂದು ಹಾಕಿದರು. ಅವನ್ನು ಮತ್ತೆ ಜೋಡಿಸಿದ್ದು 1914ರಲ್ಲಿ. ಹತ್ತಿರ ಹೋಗಿ ಮೈ ನೋಡಿ, ಕಲ್ಲಿಗೆ ಕಲ್ಲು ಸೇರಿಸಿದ ಗೆರೆಗಳು ಹಾಗೇ ಕಾಣುತ್ತವೆ. ಕ್ರೇನ್ ಗಟ್ಟಿಯಾಗಿದ್ದಿದ್ದರೆ ಇದನ್ನು ನೋಡಲು ವೀಸಾ ಮಾಡಿಸಬೇಕಿತ್ತು!

ಬಾಯ್ಕುಳ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಬುಧವಾರ ರಜೆ, ಅದೊಂದು ನೆನಪಿರಲಿ.